ಹವಳಕ್ಕೊಂದು ಮುಚ್ಚಳ ಕ್ಯಾಲ್ಸಿಯಂ

ಮಗಳ ಮದುವೆ ಮುಗಿದು, ರಕ್ತದೊತ್ತಡವೂ ಮಾತ್ರೆಯ ಮಾತು ಕೇಳಿ, ಚಿಂತೆಗೆ ಏನೂ ಉಳಿಯದ ಗೃಹಸ್ಥರು ಮನೆಯಲ್ಲಿ ಹವಳ ಸಾಕಬೇಕು. ನಾನು ಸಾಕಿದ್ದೇನೆ. ನವನಗರದ ನಮ್ಮ ಪಡಸಾಲೆಯಲ್ಲಿ, ಟಿವಿ ಇರಬೇಕಾದ ಜಾಗದಲ್ಲಿ, ಉಪ್ಪುನೀರಿನ ಗಾಜಿನ ತೊಟ್ಟಿಯಿದೆ. ಅದರೊಳಗಿನ ಹವಳಗಳು, ಅಂದರೆ ಕಲ್ಲಿನಂತೆ ಕಾಣುವ ಕಡಲಿನ ಜೀವಿಗಳು, ನೀರಿನ ಕ್ಯಾಲ್ಸಿಯಂ ಹೀರಿ ಮೈ ಕಟ್ಟಿಕೊಳ್ಳುತ್ತವೆ. ಅದು ಕಡಿಮೆಯಾದರೆ ಸೊರಗುತ್ತವೆ. ಹೆಚ್ಚಾದರೂ ಸೊರಗುತ್ತವೆ, ಥೇಟ್ ನನ್ನ ಹಾಗೆ. ನಮ್ಮ ಕಡೆಯ ನೆಲವೆಲ್ಲ ಸುಣ್ಣಕಲ್ಲು, ಬೋರಿನ ನೀರು ಕಾಸಿದರೆ ಪಾತ್ರೆಗೆ ಬಿಳಿ ಪೊರೆ ಕಟ್ಟುತ್ತದೆ. ಆದರೆ ಆ ನೀರು ಇವಕ್ಕೆ ಆಗದು. ಸೋಸಿದ ನೀರಿಗೆ ಬಾಟಲಿಯ ಕ್ಯಾಲ್ಸಿಯಂ ಹಾಕಬೇಕು. ನಾನು ಕಾಲೇಜಿನಲ್ಲಿ ಕಲಿಸುವುದು ರಸಾಯನಶಾಸ್ತ್ರ. ಇದನ್ನು ಹವಳಗಳಿಗೆ ಯಾರೂ ತಿಳಿಸಿದಂತಿಲ್ಲ.

ಹೀಗಿರುವಾಗ ಇಳಕಲ್ಲಿನಲ್ಲಿ ಹೆಂಡತಿಯ ತಮ್ಮನ ಗೃಹಪ್ರವೇಶ ಬಂತು. ತೊಟ್ಟಿಯನ್ನು ಪಕ್ಕದ ಮನೆಯ ಗೌರಕ್ಕನಿಗೆ ಒಪ್ಪಿಸಿದೆವು. ಬಹಳ ಒಳ್ಳೆಯ ಹೆಂಗಸು. ಊಟಕ್ಕೆ ಕುಳಿತವರು ಸಾಕು ಎಂದದ್ದು ಅವರ ಕಿವಿಗೆ ಎಂದೂ ಬಿದ್ದಿಲ್ಲ. ಬೆಳಿಗ್ಗೆ ನೀಲಿ ಬಾಟಲಿಯಿಂದ ಒಂದು ಮುಚ್ಚಳ ಕ್ಯಾಲ್ಸಿಯಂ, ಸಂಜೆ ಬಿಳಿ ಬಾಟಲಿಯಿಂದ ಒಂದು ಮುಚ್ಚಳ ಅಡುಗೆ ಸೋಡಾ ಕರಗಿಸಿದ ನೀರು, ಎರಡನ್ನೂ ಕೂಡಿಸಲೇಬಾರದು ಎಂದು ಹೇಳಿದೆ. ಅವರು ತಲೆಯಾಡಿಸಿದರು.

ಇಳಕಲ್ಲಿನಲ್ಲಿ ಪಂಕ್ತಿಗೆ ಕುಳಿತಿದ್ದೆ. ಬಡಿಸುತ್ತಿದ್ದ ಹಿರಿಯರು, ನಾನು ಎಲೆಗೆ ಅಡ್ಡ ಹಿಡಿದ ಕೈಯ ಸಂದಿಯಿಂದಲೇ ಇನ್ನೊಂದು ಹೋಳಿಗೆ ಜಾರಿಸಿ, ಒಂದೇ ಹಾಕಿಸಿಕೊಂಡು ಏಳಬಾರದು ಎಂದರು. ತೊಟ್ಟಿ ನೆನಪಾಯಿತು. ಗೌರಕ್ಕನೂ ಇದೇ ಸೀಮೆಯವರಲ್ಲವೇ! ಎದ್ದು ಫೋನ್ ಮಾಡಿದೆ.

"ಏನೂ ಕಾಳಜಿ ಮಾಡಬ್ಯಾಡ್ರಿ ಸರ," ಎಂದರು ಗೌರಕ್ಕ. "ಹೊಟ್ಟಿ ತುಂಬ ಹಾಕೇನಿ."

ಅರ್ಧ ಊಟದಲ್ಲಿ ಹೊರಟು ನಿಂತೆ. ಕಲ್ಲಿಗಿರುವ ಮರ್ಯಾದೆ ತನ್ನ ತಮ್ಮನಿಗಿಲ್ಲವೇ ಎಂದು ಹೆಂಡತಿ ಮುಖ ತಿರುಗಿಸಿದಳು. ಒಬ್ಬನೇ ಬಸ್ಸು ಹತ್ತಿದೆ. ಹುನಗುಂದದಲ್ಲಿ ಡ್ರೈವರು ಚಹಾ ಕುಡಿಯಲು ಇಳಿದು, ಅದನ್ನು ಊದಿ ಊದಿ ಕುಡಿದ. ವರ್ಷಗಟ್ಟಲೆ ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ ಜೀವಗಳು ಅಲ್ಲಿ ಸಾಯುತ್ತಿರಬಹುದು, ಇವನಿಗೆ ಚಹಾ ಆರಬೇಕು!

ಮನೆಗೆ ಬಂದರೆ ತೊಟ್ಟಿಯ ತುಂಬ ಮಜ್ಜಿಗೆ. ಎರಡೂ ಬಾಟಲಿ ಕೂಡಿ, ಕ್ಯಾಲ್ಸಿಯಂ ಸೀಮೆಸುಣ್ಣದ ಪುಡಿಯಾಗಿ ತಳ ಸೇರುತ್ತಿತ್ತು. ಹವಳಗಳು ಬಾಯಿ ಮುಚ್ಚಿಕೊಂಡಿದ್ದವು. ಬೈಯಬೇಕೆಂದೇ ತಿರುಗಿದೆ. ಬಾಗಿಲಲ್ಲಿ ನಿಂತಿದ್ದ ಗೌರಕ್ಕನ ಕಣ್ಣಲ್ಲಿ ನೀರು.

"ಸತ್ತಾವೇನ್ರಿ? ಬರೇ ಅನ್ನ ಹಾಕಿ, ಸಾರು ಸಂಜಿಮುಂದ ಬಡಸ್ತಾರೇನ್ರಿ ಯಾರರ? ಅದಕ್ಕ ಎರಡೂ ಕೂಡೇ ಹಾಕಿದೆ."

ಬೈಯುವುದು ಬಿಟ್ಟು ತೋಳು ಮಡಚಿದೆ. ನೀರು ಬದಲಿಸತೊಡಗಿದೆ. ಅವರು ಬಕೆಟ್ಟು ಹಿಡಿದರು. ಮರುದಿನ ಮಧ್ಯಾಹ್ನ ಒಂದು ಹವಳ ಅಳುಕುತ್ತ ಎಳೆಗಳನ್ನು ಹೊರಚಾಚಿತು; ಆಮೇಲೆ ಇನ್ನೊಂದು. ನನಗೆ ಹೋದ ಜೀವ ಬಂದಂತಾಯಿತು. ಪರೀಕ್ಷಿಸಿದರೆ ಕ್ಯಾಲ್ಸಿಯಂ ಕಡಿಮೆ. ಒಂದೇ ಮುಚ್ಚಳ ಹಾಕಿ ನಾಳೆಯವರೆಗೆ ಕಾಯಬೇಕು, ಅದು ನಿಯಮ. ಹಾಕಿದೆ. ಅಯ್ಯೋ, ಎಷ್ಟು ಸೊರಗಿವೆ ಪಾಪ, ಅನ್ನಿಸಿತು. ಕೈ ತಾನಾಗಿ ಇನ್ನೊಂದು ಮುಚ್ಚಳ ಬಗ್ಗಿಸಿತು. ಮೇಲೊಂದಿಷ್ಟು.

ಬೆಳಗಿನಿಂದ ತೊಟ್ಟಿಯ ಮುಂದೆಯೇ ಕುಳಿತಿದ್ದ ಗೌರಕ್ಕ ಕಣ್ಣೊರೆಸಿಕೊಂಡು, "ಈಗ ನೋಡ್ರಿ, ಮನಷಾರು ಬಡಿಸಿದಂಗ ಆತು," ಎಂದರು.

ಸಂಜೆ ಹವಳಗಳು ಮತ್ತೆ ಬಾಯಿ ಮುಚ್ಚಿಕೊಂಡವು. ಈ ಸಲ ಬೈಯೋಣವೆಂದರೆ, ಬೈಸಿಕೊಳ್ಳಬೇಕಾದ ಮನುಷ್ಯ ನನ್ನದೇ ಮುಖ ಹೊತ್ತು ತೊಟ್ಟಿಯ ಗಾಜಿನಲ್ಲಿ ಬಾಟಲಿ ಹಿಡಿದು ನಿಂತಿದ್ದ.