ಕಾಕಾ ಸಾಕಿದ ರಾಕ್ಷಸರು

ಹೈದರಾಬಾದಿನಲ್ಲಿ ನಮ್ಮ ಕಾಕಾ ಸಾಕಿದಷ್ಟು ರಾಕ್ಷಸರನ್ನು ಬೇರೆ ಯಾರೂ ಸಾಕಿರಲಿಕ್ಕಿಲ್ಲ. ಭಾನುವಾರ ಮಧ್ಯಾಹ್ನ ಬಾಲಾನಗರದ ಅವರ ಕ್ವಾರ್ಟರ್ಸಿಗೆ ಹೋಗಿ ನೋಡಿ, ಊಟದ ಮೇಜಿನ ಮೇಲೆ ಒಬ್ಬನಾದರೂ ಬಾಯಿ ತೆರೆದುಕೊಂಡು ನಿಂತಿರುತ್ತಾನೆ! ಗಾಬರಿ ಬೇಡ, ಇದೆಲ್ಲ ದಾಳದ ಆಟ. ಆಡುವವರು ಒಂದೊಂದು ಪಾತ್ರ ವಹಿಸಿಕೊಳ್ಳುತ್ತಾರೆ. ಕಾಕಾ ಕಥೆ ಹೇಳುತ್ತಾ ರಾಕ್ಷಸರನ್ನು ಛೂ ಬಿಡುತ್ತಾರೆ. ಏಟು ತಾಗಿತೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ತೀರ್ಪು ಕೊಡುತ್ತದೆ. ಗೆದ್ದಂತೆಲ್ಲ ಪಾತ್ರಗಳು ಒಂದೊಂದೇ ಮೆಟ್ಟಿಲು ಏರಿ ಬಲಿಯುತ್ತವೆ.

ಕಾಕಾ ಕೆಲಸ ಮಾಡುವುದು ಸರ್ಕಾರಿ ಕಾರ್ಖಾನೆಯಲ್ಲಿ. ವಿಮಾನದ ಮೀಟರುಗಳ ಸೂಜಿ ನಿಲ್ಲಬೇಕಾದಲ್ಲೇ ನಿಲ್ಲುತ್ತದೆಯೇ ಎಂದು ನೋಡುವುದೇ ಅವರ ಕಾಯಕ. ಯಾವುದೋ ತಾಂತ್ರಿಕ ಪುಸ್ತಕ ಬೇಕೆಂದು ಕೋಠಿಯ ಹಳೇ ಪುಸ್ತಕಗಳ ಫುಟ್‌ಪಾತಿಗೆ ಹೋದವರು, ರಟ್ಟು ಹರಿದ ಈ ಆಟದ ಪುಸ್ತಕವನ್ನು ಅವುಚಿಕೊಂಡು ಬಂದಿದ್ದರು. ಸೂಜಿಯ ಚಾಳಿ ಆಟಕ್ಕೂ ಅಂಟಿತು. ದಾಳ ಒಂದು ಕಡೆಗೆ ಭಾರವಾಗಿದ್ದರೆ? ಪಾತೇಲಿಯ ತುಂಬ ಉಪ್ಪುನೀರು ಮಾಡಿ ಅದರಲ್ಲಿ ದಾಳ ತೇಲಿಸುವುದು, ಬೆರಳಿನಿಂದ ತಿರುಗಿಸುವುದು, ಮತ್ತೆ ಮತ್ತೆ ಅದೇ ಮುಖ ಮೇಲೆ ಬಂದರೆ ಆ ದಾಳ ನಪಾಸು! ಉಪ್ಪಿನಕಾಯಿಗೆಂದು ತಂದಿಟ್ಟ ಉಪ್ಪು ಖಾಲಿಯಾದ ದಿನ ಅವರ ಹೆಂಡತಿ, ನಮ್ಮ ಕಾಕು, ಅಡುಗೆಮನೆಯಿಂದಲೇ ಕೂಗಿದ್ದರು: "ಪಾಸಾದುವನ್ನ ಇತ್ತಾಗ ಕೊಡ್ರಿ, ಸಾರಿಗೆ ಹಾಕ್ತೀನಿ!"

ಊರ ತುಂಬ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಕೆಲಸ ಸಿಕ್ಕಿ ನಾನು ಉಪ್ಪಲ್‌ನಲ್ಲಿ ರೂಮು ಹಿಡಿದಿದ್ದೆ. ಜೊತೆಗಿದ್ದವನು ಮೈಸೂರಿನ ಹುಡುಗ, ನನ್ನದೇ ಆಫೀಸು. ವಾರವಿಡೀ ಕಂಪ್ಯೂಟರಿನ ಮುಂದೆ ಬಾಗಿ, ಭಾನುವಾರ ಕಾಕಾನ ಮೇಜಿಗೆ ಓಡುತ್ತಿದ್ದೆವು. ನಾನು ಕಳ್ಳ, ಅವನು ಕತ್ತಿವೀರ. ಮೂರನೆಯವರಿಲ್ಲದೆ ಆಟ ನಿಂತಾಗ, ಒಗ್ಗರಣೆ ಅವಲಕ್ಕಿ ತಂದಿಟ್ಟ ಕಾಕುವನ್ನೇ ಕಾಕಾ ಕೂರಿಸಿಕೊಂಡರು.

"ಬೆಂಕಿ ಉಗುಳೋ ಮಂತ್ರಗಾತಿ ಆಗ್ತೀಯೋ, ಗಾಯ ಮಾಯಿಸೋ ಪೂಜಾರಿಣಿ ಆಗ್ತೀಯೋ?"

"ಎರಡೂ ಯಾಕಾಗಬಾರದ್ರಿ?"

ಪುಸ್ತಕದಲ್ಲಿ ಅದಕ್ಕೂ ಅವಕಾಶವಿತ್ತು! ಎರಡು ದೋಣಿಯ ಮೇಲೆ ಕಾಲಿಟ್ಟವರ ಗತಿ ಏನು? ಆರಂಭದಲ್ಲಿ ಹಾಗೆಯೇ ಆಯಿತು. ಕಲಿಕೆಯೆಲ್ಲ ಎರಡು ವಿದ್ಯೆಗೂ ಹಂಚಿಹೋಗಿ, ಕಾಕುವಿನ ಪಾತ್ರ ಒಂದು ಇಲಿ ಕಚ್ಚಿದರೂ ಮೂರ್ಛೆ ಹೋಗುತ್ತಿತ್ತು. ಆದರೆ ಮೇಲಿನ ಮೆಟ್ಟಿಲುಗಳಿಗೆ ಬಂದಾಗ ನೋಡಬೇಕಿತ್ತು! ಒಂದೇ ಸರದಿಯಲ್ಲಿ ಎಡಗೈಯಿಂದ ಬೆಂಕಿಯ ಮಳೆ, ಬಲಗೈಯಿಂದ ಅಮೃತ. ಅರ್ಧರ್ಧ ಇದ್ದವರು ಈಗ ಇಬ್ಬರಾಗಿದ್ದರು. ಕತ್ತಿವೀರ ಒರೆಯಿಂದ ಕತ್ತಿ ಹಿರಿಯುವಷ್ಟರಲ್ಲಿ ರಾಕ್ಷಸನ ಬೂದಿ ತಣ್ಣಗಾಗಿರುತ್ತಿತ್ತು.

"ಸಾರ್, ಆಂಟಿ ಒಬ್ರೇ ಸಾಕು. ನಾನ್ಯಾಕೆ ಬಸ್ಸು ಹತ್ಕೊಂಡು ಇಲ್ಲಿತನಕ ಬರ್ಬೇಕು ಹೇಳಿ? ಅವಲಕ್ಕಿ ತಿನ್ನೋಕಾ?" ಎಂದ ಮೈಸೂರಿನವನು. ತಮಾಷೆಯಾಗಿ ಹೇಳಿದ, ಆದರೆ ಮುಖದಲ್ಲಿ ತಮಾಷೆ ಇರಲಿಲ್ಲ.

ಕಾಕಾ ರಾಕ್ಷಸರನ್ನು ದೊಡ್ಡವರನ್ನಾಗಿ ಮಾಡಿದರು. ಒಂದೇ ಏಟಿಗೆ ಬಿದ್ದವನು ಕತ್ತಿವೀರ. ಕಾಕುವಿಗೆ ರಾಕ್ಷಸ ದೊಡ್ಡವನಾಗಿದ್ದೇ ಗೊತ್ತಾಗಲಿಲ್ಲ! ಮುಂದಿನ ವಾರ ಕಾಕುವಿನ ದೊಡ್ಡ ಮಂತ್ರಗಳನ್ನೇ ಕಿತ್ತುಕೊಂಡರು. ಕಾಕು ಜಗಳವಾಡಲಿಲ್ಲ. "ಆತ್ ಬಿಡ್ರಿ" ಎಂದು ದಾಳ ಕೆಳಗಿಟ್ಟು, ಚಹಾ ಮಾಡಲು ಎದ್ದು ಒಳಗೆ ಹೋದರು. ಹೊರಗೆ ಬರಲೇ ಇಲ್ಲ.

ಕಾಕಾನ ಮುಖ ಇಷ್ಟೇ ಆಯಿತು. ಯಾಕೆಂದು ನನಗೆ ಗೊತ್ತಿತ್ತು. ಗದಗಿನಲ್ಲಿ ಓಣಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದ ನಮ್ಮ ಕಾಕು, ಈ ಊರಿಗೆ ಬಂದ ಮೇಲೆ ಹೊಸ್ತಿಲಾಚೆ ಮೂಕಿಯಾಗಿದ್ದರು. ತೆಲುಗು ನಾಲಿಗೆಗೆ ಹತ್ತಲಿಲ್ಲ, ತಪ್ಪಿದರೆ ನಕ್ಕಾರೆಂಬ ಅಂಜಿಕೆ ಬೇರೆ. ಕಾಯಿಪಲ್ಯದ ಗಾಡಿಯ ಮುಂದೆ ಬೆರಳು ತೋರಿಸಿ ಬದನೆಕಾಯಿ ಕೊಳ್ಳುತ್ತಿದ್ದವರು, ಈ ಮೇಜಿನ ಮುಂದೆ ಮಾತ್ರ ರಾಕ್ಷಸರಿಗೆ ಅವರ ಏಳು ತಲೆಮಾರು ನೆನಪಾಗುವಂತೆ ಬೈಯುತ್ತಿದ್ದರು. ಮಂತ್ರ ಕಿತ್ತುಕೊಂಡರೆ ಕಾಕು ಹೋಗುತ್ತಾರೆ, ಬಿಟ್ಟರೆ ಹುಡುಗ ಹೋಗುತ್ತಾನೆ. ಯಾರು ಹೋದರೂ ಮೇಜು ಖಾಲಿ.

"ತಪ್ಪು ಸೂಜೀದಲ್ಲೋ, ನಾ ತೂಗಿದ್ದಽ ತಪ್ಪೈತಿ" ಎಂದರು ಕಾಕಾ.

ಆ ವಾರ ಅವರು ಗಡ್ಡ ಹೆರೆಯುವಾಗಲೂ ದಾಳ ಎಸೆಯುತ್ತಿದ್ದರಂತೆ! ಅರ್ಧ ಮುಖಕ್ಕೆ ಸೋಪು ಹಾಗೇ ಇಟ್ಟುಕೊಂಡು ಕಾರ್ಖಾನೆಯ ಬಸ್ಸು ಹತ್ತಿದರಂತೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಭಾನುವಾರ ಕಾಕುವನ್ನು ಕರೆದು ಕೂರಿಸಿ ಘೋಷಿಸಿದರು: "ಯಾವ ಮಂತ್ರಾನೂ ಕಡಿಮಿ ಮಾಡಂಗಿಲ್ಲ, ಎಲ್ಲಾ ವಾಪಸ್. ಆದ್ರ ಎರಡೂ ವಿದ್ಯಾ ಒಂದಽ ಸರದಿಗೆ ಬಿಡಬೇಕಂದ್ರ, ಜೋಡೀದವ್ರು ಒಬ್ರು ತಮ್ಮ ಸರದಿ ಬಿಟ್ಟು ದೀಪಾ ಹಿಡೀಬೇಕು."

ಎಷ್ಟು ಸಣ್ಣ ನಿಯಮ! ಆದರೆ ಯೋಚಿಸಿದಷ್ಟೂ ನಾನು ಬೆರಗಾದೆ. ಕಾಕುವಿನ ಬಲ ಒಂದು ಕೂದಲಿನಷ್ಟೂ ತಗ್ಗಿರಲಿಲ್ಲ. ಆ ಬಲದ ಅರ್ಧ ಬೀಗದಕೈ ಮಾತ್ರ ನಮ್ಮ ಕೈಗೆ ಬಂದಿತ್ತು. ವಿಮಾನದ ಸೂಜಿಗಳು ಈ ಮನುಷ್ಯನ ಮಾತು ಕೇಳುವುದರಲ್ಲಿ ಆಶ್ಚರ್ಯವೇನಿದೆ?

ಅಂದು ಕೋಟೆಯ ಕೆಳಗಿನ ಸುರಂಗದಲ್ಲಿ ಕಲ್ಲಿನ ರಾಕ್ಷಸ ಎದುರಾದ. ಕತ್ತಿವೀರ ಕಡಿದೂ ಕಡಿದೂ ಅವನನ್ನು ಮಂಡಿಯೂರಿಸಿದ್ದ. ನನ್ನ ಕಳ್ಳ ಕಡೆಯುಸಿರು ಎಳೆಯುತ್ತ ಬಿದ್ದಿದ್ದ. ಕಾಕು ನನ್ನನ್ನು ಬದುಕಿಸಿದರೆ ರಾಕ್ಷಸ ಎಲ್ಲರನ್ನೂ ಹೊಸಕುತ್ತಾನೆ. ರಾಕ್ಷಸನನ್ನು ಸುಟ್ಟರೆ ನಾನು ಕೈಲಾಸಕ್ಕೆ. ದೀಪ ಹಿಡಿಯಲು ಉಳಿದವನು ಮೈಸೂರಿನವನೊಬ್ಬನೇ, ಅದೂ ಎಷ್ಟೋ ವಾರ ಕಾದ ಮೇಲೆ ಕಡೆಯ ಏಟು ಅವನ ಕೈಗೆ ಬಂದಿರುವಾಗ!

ಕಾಕು ಅವನ ಮುಖ ನೋಡಲಿಲ್ಲ, ಕೇಳಲೂ ಇಲ್ಲ. ಅವನು ಕೈಯಲ್ಲಿದ್ದ ದಾಳವನ್ನು ಹೊರಳಿಸಿ ಹೊರಳಿಸಿ ನೋಡಿದ. ಆಮೇಲೆ ಕಾಕುವಿನ ಮುಂದೆ ಇಟ್ಟ.

"ದೀಪ ನಾನು ಹಿಡ್ಕೋತೀನಿ ಆಂಟಿ. ಎರಡೂ ಬಿಡಿ, ನೋಡೇಬಿಡಾಣ."

"ಏ ಮುರಕಲ್ಲಿನ ಮಾರಿಯವನಽ!" ಎಂದು ಕಾಕು ಎದ್ದು ನಿಂತು ದಾಳ ಎಸೆದರು ನೋಡಿ, ಪಕ್ಕದ ಮನೆಯವರು ಬಾಲ್ಕನಿಗೆ ಬಂದು ಇಣುಕಿದರು. ರಾಕ್ಷಸ ಪುಡಿಯಾದ, ನಾನು ಎದ್ದು ಕೂತೆ. ಹುಡುಗ ತಾನೇ ಗೆದ್ದವನಂತೆ ಕುಣಿದ.

ಎಲ್ಲ ಮುಗಿದ ಮೇಲೆ ಕಾಕಾ ಟವೆಲ್ಲಿನಿಂದ ದಾಳಗಳನ್ನು ಒರೆಸುತ್ತಿದ್ದರು. ಬಾಲ್ಕನಿಯಲ್ಲಿ ಕಾಕು ಪಕ್ಕದ ಮನೆಯಾಕೆಗೆ ಯುದ್ಧದ ಕಥೆ ಹೇಳುತ್ತಿದ್ದರು. ಗೊತ್ತಿದ್ದ ತೆಲುಗು ನಾಲ್ಕು ಮಾತು, ಉಳಿದದ್ದು ಗದಗಿನದು. ಆಕೆಯೂ ನಗುತ್ತಿದ್ದಳು, ಕಾಕುವೂ ನಗುತ್ತಿದ್ದರು. ನನಗೆ ಒಂದು ಅಳುಕು ಉಳಿದಿತ್ತು.

"ಕಾಕಾ, ಅಂವಾ ಸರದಿ ಬಿಡಲಿಲ್ಲಂದ್ರ ಏನ್ ಮಾಡ್ತಿದ್ರಿ? ಕಾಕು ಮತ್ತ ಒಳಗ ಹೋಗ್ತಿದ್ರಲ್ಲ?"

ಕಾಕಾ ಬಾಲ್ಕನಿಯತ್ತ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ರಾಕ್ಷಸಂದೂ ಒಂದು ಸರದಿ ಇರ್ತೈತಲ್ಲೋ ಹುಚ್ಚಪ್ಪಾ. ಅದನ್ನ ಬಿಟ್ಟು ಅಂವನಽ ಹಿಡೀತಿದ್ದ ದೀಪಾ."