ಬೆಟ್ಟದ ಮೇಲಿನ ಒಂಟಿಮನೆ

ಫೋನ್ ಲೈನ್ ನೆಟ್ಟಗಿದ್ದಿದ್ದರೆ ಶಿವಪುತ್ರನ ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು. ಬೆಂಗಳೂರಿನ ಕೃಷ್ಣರಾಜಪುರದ ಅಹ್ಮದ್ ಪಾಷಾನ ಎಸ್‌ಟಿಡಿ ಬೂತಿನಿಂದ ಅವನು ಕೋಲಾರದ ಕಡೆಯ ಬೆಟ್ಟದ ಮೇಲಿನ ಮನೆಯೊಂದನ್ನು ಭಾನುವಾರದ ಬಾಡಿಗೆಗೆ ಕೇಳುತ್ತಿದ್ದ. ಆ ಕಡೆ ಯಜಮಾನ ಮುನಿವೆಂಕಟಪ್ಪನಿಗೆ ಏನೂ ಕೇಳಿಸದು. ಕೊನೆಗೆ ಬೂತಿನ ಗಾಜು ನಡುಗುವಂತೆ ಕಿರುಚಬೇಕಾಯಿತು: “ಅಕ್ಕಪಕ್ಕ ಯಾರೂ ಇರಬಾರ್ದು ರೀ. ನಾನು, ಹೆಂಡ್ತಿ, ಮಗು, ಅಷ್ಟೇ!”

ಮುನಿವೆಂಕಟಪ್ಪನಿಗೆ ಕೇಳಿಸಿತು. ಬೂತಿನ ಹೊರಗೆ ತಳ್ಳುಗಾಡಿಯಲ್ಲಿ ಬದನೆಕಾಯಿ ಆರಿಸುತ್ತಿದ್ದ ಬಾಲಮ್ಮನಿಗೂ ಕೇಳಿಸಿತು.

ಬಾಲಮ್ಮ ಶಿವಪುತ್ರನಿದ್ದ ವಠಾರದ ಹಿರಿಯಳು. ಕಲಬುರ್ಗಿ, ರಾಯಚೂರು ಕಡೆಯಿಂದ ದುಡಿಯಲು ಬಂದ ಸಂಸಾರಗಳು ಅಲ್ಲಿ ಒಂದೊಂದು ಕೋಣೆ ಹಿಡಿದಿದ್ದವು. ಗೋಡೆಗಳು ಹಪ್ಪಳದಷ್ಟು ತೆಳು. ಶಿವಪುತ್ರ ಸೀನಿದರೆ ಪಕ್ಕದ ಕೋಣೆಯ ಹಂಪಣ್ಣ ‘ಚಿರಂಜೀವಿ’ ಎನ್ನುತ್ತಿದ್ದ. ಮದುವೆಯಾದಾಗಿನಿಂದ ಹೆಂಡತಿ ರೇವತಿಯ ಜತೆ ಮನಸಾರೆ ಒಂದು ಜಗಳವಾಡಲೂ ಆಗಿರಲಿಲ್ಲ; ಮಾತು ಏರುವ ಮೊದಲೇ ರಾಜಿ ಮಾಡಿಸುವವರು ಬಾಗಿಲಲ್ಲಿರುತ್ತಿದ್ದರು.

ಭಾನುವಾರ ಬೆಳಿಗ್ಗೆ ಚೀಲ ಹಿಡಿದು ಹೊರಬಂದರೆ ಎದುರಿಗೆ ಮೆಟಡೋರ್ ವ್ಯಾನು, ಅದರೊಳಗೆ ಇಡೀ ವಠಾರ.

“ಒಂಟಿ ಮನಿ ಅಂತಲ್ಲೋ ತಮ್ಮಾ,” ಎಂದಳು ಬಾಲಮ್ಮ. “ಹೆಣ್ಮಗಳು, ಕೂಸು ಕಟ್ಕೊಂಡು ಒಬ್ಬನ ಹೊಂಟೀದಿ. ನಾವೇನು ಸತ್ತೀವೇನು?”

ಕರಡಿ ಬಂದರೆ ಇರಲೆಂದು ಹಂಪಣ್ಣ ದೊಣ್ಣೆ ತಂದಿದ್ದ. ತನ್ನ ಫೋನಿನಲ್ಲೇ ಕುದುರಿದ ವ್ಯವಹಾರವಾದ್ದರಿಂದ ಜವಾಬ್ದಾರಿ ತನ್ನದೂ ಹೌದೆಂದು ಅಹ್ಮದ್ ಪಾಷಾ ಬೂತಿಗೆ ಬೀಗ ಜಡಿದು, ಹೆಂಡತಿ ಖುರ್ಷೀದಾಳೊಂದಿಗೆ ಮುಂದಿನ ಸೀಟು ಹಿಡಿದಿದ್ದ. ಶಿವಪುತ್ರನಿಗೆ ಸಿಕ್ಕಿದ್ದು ಸ್ಟೆಪ್ನಿ ಟೈರಿನ ಮೇಲೆ ಜಾಗ.

ಬೆಟ್ಟದಲ್ಲಿ ಮುನಿವೆಂಕಟಪ್ಪ ಜನರನ್ನು ನೋಡಿ ಕಣ್ಣರಳಿಸಿದ. ಬಾಲಮ್ಮ ಅವನ ಜತೆ ಅರ್ಧ ತಾಸು ಮಾತಾಡಿ, ರಾತ್ರಿ ಮಲಗಲು ಹೆಂಗಸರು ಮಕ್ಕಳು ಒಳಗೆ, ಗಂಡಸರು ಜಗಲಿಗೆ ಎಂದು ತೀರ್ಪು ಕೊಟ್ಟಳು. ಊಟವಾದ ಮೇಲೆ ಶಿವಪುತ್ರ ಕಣ್ಸನ್ನೆ ಮಾಡಿ ರೇವತಿಯನ್ನು ಬಂಡೆಯ ಹಿಂದಕ್ಕೆ ಕರೆದ. ‘ಒಬ್ಬೊಬ್ಬರೇ ಓಡಾಡಬೇಡಿ’ ಎನ್ನುತ್ತ ಹಂಪಣ್ಣ ದೊಣ್ಣೆ ಊರಿಕೊಂಡು ಅಲ್ಲಿಗೂ ಬಂದ. ಕರಡಿಯೇ ಬಂದಿದ್ದರೆ ಶಿವಪುತ್ರನಿಗೆ ಅಷ್ಟು ಬೇಸರವಾಗುತ್ತಿರಲಿಲ್ಲ.

ಆಗ ಅವನ ತಲೆಯಲ್ಲಿ ಮಿಂಚು ಹೊಳೆಯಿತು. ಪಾತ್ರೆ ತೊಳೆಯುತ್ತಿದ್ದ ರೇವತಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತು ಪಿಸುಗುಟ್ಟಿದ: “ಎಲ್ಲಾರೂ ಇಲ್ಲೇ ಇದಾರೆ. ಹಾಗಾದ್ರೆ ವಠಾರದಲ್ಲಿ ಯಾರಿದಾರೆ?”

ರೇವತಿಯ ಕೈಯಲ್ಲಿದ್ದ ತಟ್ಟೆ ಹಾಗೇ ನಿಂತಿತು.

ಮಗುವಿಗೆ ಹಾಲು ತರುತ್ತೇವೆಂದು ಹೇಳಿ ಮೂವರೂ ಬೆಟ್ಟ ಇಳಿದು ಬಸ್ಸು ಹತ್ತಿದರು. ಮನೆ ಸೇರಿದ ಮೇಲೆ ಗಟ್ಟಿಯಾಗಿ ಹಾಡು ಹೇಳುವುದಾಗಿ ರೇವತಿ ನಾಚುತ್ತ ಹೇಳಿದಳು. ತಾನು ಗಟ್ಟಿಯಾಗಿ ಸೀನುವುದಾಗಿ ಶಿವಪುತ್ರ ಹೇಳಿದ.

ದೀಪ ಹಚ್ಚುವ ಹೊತ್ತಿಗೆ ವಠಾರ ಮುಟ್ಟಿದರು. ಆಗಲೇ ಎಲ್ಲ ಕೋಣೆಗಳಲ್ಲೂ ದೀಪ ಉರಿಯುತ್ತಿತ್ತು. ಗುರುತಿಲ್ಲದ ಮಕ್ಕಳು ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದವು. ಶಿವಪುತ್ರನ ಕೋಣೆಯಿಂದ ಹುರುಳಿಕಾಳಿನ ಸಾರಿನ ವಾಸನೆ ಬರುತ್ತಿತ್ತು. ಬಾಗಿಲಲ್ಲಿ ಟವೆಲ್ಲು ಹೊದ್ದು ನಿಂತಿದ್ದವನು ಮುನಿವೆಂಕಟಪ್ಪ.

ವಠಾರದವರನ್ನು ಇಳಿಸಿ ಖಾಲಿ ವಾಪಸಾಗುತ್ತಿದ್ದ ಮೆಟಡೋರಿನಲ್ಲಿ ಅವನು ಹೆಂಡತಿ, ಮಕ್ಕಳು, ಭಾವಮೈದುನರ ಸಂಸಾರ ಸಮೇತ ಬಂದಿದ್ದ. ನೀರು ಬಂದಾಗ ಹಿಡಿದಿಡಲೆಂದು ಎಲ್ಲರೂ ಯಾವಾಗಲೂ ಬಾಲಮ್ಮನ ಬಳಿ ಬಿಟ್ಟಿರುತ್ತಿದ್ದ ಇನ್ನೊಂದು ಜತೆ ಬೀಗದ ಕೈಗಳನ್ನು ಆ ಪುಣ್ಯಾತ್ಗಿತ್ತಿ ಅವನ ಕೈಗೆ ಹಾಕಿ, ಬೆಂಗಳೂರು ನೋಡಿಕೊಂಡು ನಿಧಾನಕ್ಕೆ ಬನ್ನಿ ಎಂದಿದ್ದಳಂತೆ.

ಶಿವಪುತ್ರ ಹೊಸ್ತಿಲಲ್ಲೇ ನಿಂತ. ಮುನಿವೆಂಕಟಪ್ಪ ಅಕ್ಕರೆಯಿಂದ ಅವನ ತೋಳು ಹಿಡಿದ.

“ಬನ್ನಿ ಸಾಮಿ, ಸಂಕೋಚ ಪಡಬ್ಯಾಡಿ. ನಿಮ್ ಮನೆ ಅಂತ್ಲೇ ತಿಳ್ಕಳಿ.”