ಖಾಲಿ ಲೋಟ ಇಡಲು ಹೋದದ್ದು

ಜಪಾನಿನ ಬಿಸಿನೀರ ಬುಗ್ಗೆಗಳ ಊರು ಕುಸಾತ್ಸುವಿನ ಆ ಸಿಹಿ ಬನ್ನಿನ ಅಂಗಡಿಯ ಹೊಸ್ತಿಲು ತುಳಿಯದೆ ಮೂವತ್ತೊಂದು ವರ್ಷ ಅದರ ಬನ್ನು ತಿಂದವಳು ನಾನು. ಇದನ್ನು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದೆ. ಈಗ ಹೇಗೆ ಹೇಳಬೇಕೋ ತಿಳಿಯುತ್ತಿಲ್ಲ.

ಮೊದಲು ಬನ್ನಿನ ಮಹಿಮೆ ಕೇಳಿ. ಬೀದಿಯಲ್ಲೇ ಹಬೆಪೆಟ್ಟಿಗೆ. ಮುಚ್ಚಳ ತೆಗೆದರೆ ಏಳುವ ಹಬೆ ಬಿಸಿನೀರ ಬುಗ್ಗೆಯ ಗಂಧಕದ ವಾಸನೆಯನ್ನೂ ಹಿಮ್ಮೆಟ್ಟಿಸುತ್ತದೆ. ಹಬೆ ಕರಗಿದ ಮೇಲೆ ಕಾಣುವುದು ಕರಿಬೆಲ್ಲದ ಬಣ್ಣದ ಪುಟ್ಟ ಬನ್ನುಗಳು, ಈಗ ತಾನೇ ಎರೆಸಿಕೊಂಡ ಕೂಸಿನ ಕೆನ್ನೆಯ ಹಾಗೆ ಹೊಳೆಯುತ್ತ. ಕಚ್ಚಿದರೆ ಒಳಗಿನ ಕೆಂಪು ಕಾಳಿನ ಹೂರಣ ನಾಲಿಗೆ ಸುಡುತ್ತದೆ. ಆದರೂ ಉಗುಳುವ ಮನಸ್ಸಾಗುವುದಿಲ್ಲ. ಇಂಥದ್ದನ್ನು, ಚೂರಲ್ಲ, ಇಡೀ ಒಂದು ಬನ್ನನ್ನು, ಜೊತೆಗೊಂದು ಪಿಂಗಾಣಿ ಲೋಟ ಚಹವನ್ನು, ಹಬೆಪೆಟ್ಟಿಗೆಯಾತ ಹೋಗಿ ಬರುವವರಿಗೆಲ್ಲ ತಲೆಬಾಗಿ ಪುಕ್ಕಟೆ ಕೊಡುತ್ತಾನೆ. ಇಂದಿಗೂ ಆತನನ್ನು ಕಂಡರೆ ನನ್ನ ಕೈಗಳು ತಾವಾಗಿ ಜೋಡಿಕೊಳ್ಳುತ್ತವೆ. (ಜೋಡಿಸಿದ ಕೈ ಬನ್ನು ಹಿಡಿಯಲೂ ಅನುಕೂಲ.)

ಅಂಗಡಿಯವರ ಉಪಾಯವೆಲ್ಲ ಲೋಟದಲ್ಲಿದೆ. ಖಾಲಿ ಲೋಟ ಇಡುವ ಜಾಗ ಅಂಗಡಿಯ ಒಳಗೆ, ಮಾರಾಟದ ಡಬ್ಬಗಳ ಸಾಲು ದಾಟಿ. ಬಿಟ್ಟಿ ತಿಂದ ಬಾಯಿ ಒರೆಸಿಕೊಂಡು ಒಳಹೊಕ್ಕು, ಏನೂ ಕೊಳ್ಳದೆ ಹೊರಬರುವ ಎದೆ ನಮ್ಮ ಕಡೆ ಯಾರಿಗೂ ಇಲ್ಲ. ಅದಕ್ಕೇ ನಾನೊಂದು ಮಹಾ ರಾಜತಂತ್ರ ಹೂಡಿದ್ದೆ. ತಿಂಗಳಿಗೊಮ್ಮೆ ಬುಗ್ಗೆಯ ಸ್ನಾನಕ್ಕೆ ಹೋದಾಗ ಇಬ್ಬರೂ ತಿಂದು ಕುಡಿಯುವುದು, ಎರಡೂ ಲೋಟ ಯಜಮಾನರ ಕೈಗೆ ಕೊಡುವುದು.

"ಒಂದು ಡಬ್ಬ ತರ್ಲೇನೆ, ಉಮೆ?" ಎಂದು ಪ್ರತಿ ಸಲವೂ ಕೇಳುತ್ತಿದ್ದರು.

"ಬಿಟ್ಟಿ ಸಿಗೋದನ್ನ ಯಾರಾದ್ರೂ ಕೊಳ್ತಾರಾ? ಲೋಟ ಇಟ್ಟು ತೆಪ್ಪಗೆ ಬಂದ್ಬಿಡಿ."

ಎರಡು ಲೋಟ ಇಡಲು ಅವರಿಗೆ ಕಾಲು ಗಂಟೆ ಬೇಕಾಗುತ್ತಿತ್ತು. ಒಳಗಿದ್ದವರಿಗೆಲ್ಲ ಬಗ್ಗಿ ಬಗ್ಗಿ ನಮಸ್ಕರಿಸುತ್ತಿರಬೇಕು, ಪಾಪದ ಪ್ರಾಣಿ ಎಂದುಕೊಳ್ಳುತ್ತಿದ್ದೆ.

ಪಕ್ಕದ ಮನೆಯ ಕಮೆಜಿರೊ ಕುಸಾತ್ಸು ಬಸ್ಸಿನ ಡ್ರೈವರ್. ಅವನು ತಿಂಗಳಿಗೊಮ್ಮೆ ಇದೇ ಅಂಗಡಿಯ ಡಬ್ಬ ತಂದು, ಯಾರೋ ಕೊಟ್ಟರು ಅಕ್ಕಾ, ನನಗೆ ಸಿಹಿ ಆಗಿಬರುವುದಿಲ್ಲ ಎಂದು ಕೊಟ್ಟುಹೋಗುತ್ತಿದ್ದ. ಋಣ ಇಟ್ಟುಕೊಳ್ಳುವ ಹೆಂಗಸಲ್ಲ ನಾನು. ಪ್ರತಿಯಾಗಿ ಮೂಲಂಗಿ ಉಪ್ಪಿನಕಾಯಿ ಕೊಡುತ್ತಿದ್ದೆ. ಆಮೇಲೆ ಡಬ್ಬ ಖಾಲಿ ಮಾಡುತ್ತ, ದುಡ್ಡು ದಂಡ ಮಾಡುವವರ ಹಾಗೆ ನಾವಾಗಬಾರದು ಎಂದು ಯಜಮಾನರಿಗೆ ಬುದ್ಧಿ ಹೇಳುತ್ತಿದ್ದೆ. ಅವರು ತಲೆಯಾಡಿಸಿ ಇನ್ನೊಂದು ತೆಗೆದುಕೊಳ್ಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಕಮೆಜಿರೊನ ಡಬ್ಬವೂ ನಿಂತಿತು. ಸಾವಿನ ಮನೆಗೆ ಸಿಹಿ ತರಬಾರದೆಂದು ಇರಬೇಕು ಅಂದುಕೊಂಡೆ.

ಹೋದ ತಿಂಗಳು ಅವರ ಮೊದಲ ವರ್ಷದ ತಿಥಿ. ಪಟದ ಮುಂದೆ ಆ ಬನ್ನನ್ನೇ ಇಡಬೇಕೆಂದು ಜೀವ ಹಟ ಹಿಡಿಯಿತು. ಕೊಂಡರೆ ಮೂವತ್ತೊಂದು ವರ್ಷದ ವ್ರತ ಭಂಗ. ಒಬ್ಬಳೇ ಹೋದೆ. ಕೊಟ್ಟ ಬನ್ನನ್ನು ತಿನ್ನದೆ ಕೈವಸ್ತ್ರದಲ್ಲಿ ಸುತ್ತಿ ಕಿಮೋನೊದ ಎದೆಯ ಮಡಿಕೆಯೊಳಗೆ ಸೇರಿಸಿದೆ. ಎದೆ ಚುರ್ರೆಂದಿತು. ಸಮಾಧಾನಕ್ಕೆ ಚಹ ಕುಡಿದು, ಅಭ್ಯಾಸದಂತೆ ಲೋಟವನ್ನು ಪಕ್ಕಕ್ಕೆ ಚಾಚಿದೆ.

ಹಿಡಿಯಲು ಯಾರೂ ಇರಲಿಲ್ಲ.

ಎಷ್ಟು ಹೊತ್ತು ನಿಂತೆನೋ. ಇನ್ನೊಬ್ಬರ ಲೋಟವನ್ನು ಬೀದಿಯಲ್ಲಿ ಬಿಟ್ಟುಹೋಗಲು ಮನಸ್ಸು ಬರಲಿಲ್ಲ. ಕೊನೆಗೆ ಹೊಸ್ತಿಲು ದಾಟಿದೆ.

ಅಂಗಡಿಯ ಒಡತಿ ಲೋಟ ತೆಗೆದುಕೊಂಡು ನನ್ನ ಮುಖ ನೋಡಿದಳು.

"ನೀವು ಸೈಕಿಚಿ ಅವರ ಮನೆಯವ್ರಲ್ವಾ, ಅಮ್ಮಾ? ಇಷ್ಟು ವರ್ಷ ಗಾಜಿನಿಂದಾಚೆ ನೋಡಿದ್ದೇ ಆಯ್ತು. ಅವರು ಲೋಟ ಇಡೋಕೆ ಬಂದಾಗೆಲ್ಲ ಒಂದು ಡಬ್ಬ ಕಟ್ಟಿಸಿ ಇಲ್ಲೇ ಬಿಟ್ಟುಹೋಗೋರು. ಮಾರನೇ ದಿನ ಬಸ್ಸಿನವ್ರು ಬಂದು ಒಯ್ಯೋರು. 'ಬಿಟ್ಟಿ ತಿಂದೆ ಅಂತ ಅವಳಿಗೆ ಬಲು ಖುಷಿ, ನಾನ್ಯಾಕೆ ಕೆಡಿಸ್ಲಿ' ಅನ್ನೋರು."

ಒಂದು ಸುಳ್ಳು ನೆಟ್ಟಗೆ ಹೇಳಲು ಬಾರದ ಗಂಡಸು ಎಂದು ಊರಿಗೆಲ್ಲ ಸಾರಿದ್ದೆನಲ್ಲ. ಮೂವತ್ತೊಂದು ವರ್ಷ, ನನ್ನ ಕಣ್ಣೆದುರೇ, ಬನ್ನು ತಿನ್ನುತ್ತಲೇ ಗುಟ್ಟು ಬಿಟ್ಟುಕೊಡಲಿಲ್ಲ. ಆ ಮನುಷ್ಯನಿಗೆ ಕೈ ಮುಗಿಯಬೇಕು ಅನ್ನಿಸಿತು. (ಇಷ್ಟು ವರ್ಷ ಪುಕ್ಕಟೆ ತಿಂದವನು ಕಮೆಜಿರೊ ಒಬ್ಬನೇ, ಅದೂ ನನ್ನ ಉಪ್ಪಿನಕಾಯಿ.)

ಒಂದು ಡಬ್ಬ ಕೊಡಿ ಎಂದು ಸೊಂಟ ಬಗ್ಗಿಸಿ ನಮಸ್ಕರಿಸಿದೆ. ಎಂದೂ ಬಗ್ಗದಷ್ಟು ಬಗ್ಗಿದೆ. ಎದೆಯೊಳಗಿನ ಬನ್ನು ಕೈವಸ್ತ್ರದ ಸಮೇತ ಜಾರಿ ಒಡತಿಯ ಮುಂದೆ ಉರುಳಿತು. ಅವಳು ಅದನ್ನೂ ಚಂದದ ಕಾಗದದಲ್ಲಿ ಸುತ್ತಿ, ಡಬ್ಬದ ಮೇಲಿಟ್ಟು, ನನಗಿಂತ ಆಳವಾಗಿ ಬಗ್ಗಿದಳು.

ಕೊಂಡದ್ದನ್ನು ಪಟದ ಮುಂದೆ ಇಟ್ಟೆ. ಬಿಟ್ಟಿಯದನ್ನು ನಾನೇ ತಿಂದೆ. ಅಷ್ಟು ವರ್ಷ ಅವರು ನಡೆಸಿಕೊಂಡು ಬಂದ ಏರ್ಪಾಡನ್ನು ನಾನ್ಯಾಕೆ ಕೆಡಿಸಲಿ?